ಬಿಲಿಯರ್ಡ್ಸ್ ಕೋಲಿನ ಅಣಸು

ಒನಕೆಯ ತುದಿಗೆ ತೊಡಿಸುವ ಕಬ್ಬಿಣದ ಬಳೆಗೆ ನಮ್ಮ ಹಿರಿಯರು ಅಣಸು ಎಂದು ಹೆಸರಿಟ್ಟಿದ್ದರು. ಅಣಸಿಲ್ಲದ ಒನಕೆಯು ಪೆಟ್ಟಿನ ಮೇಲೆ ಪೆಟ್ಟು ಬಿದ್ದಂತೆಲ್ಲ ಎಳೆಯುದ್ದಕ್ಕೂ ಸೀಳಿಹೋಗುವುದು. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಮೇಜಿನ ಆಟಗಳಲ್ಲಿ ಚೆಂಡನ್ನು ಹೊಡೆಯುವ ಕೋಲಿಗೂ ಇಂತಹುದೇ ಒಂದು ಅಣಸು ಉಂಟು. ಇಂಗ್ಲಿಷಿನಲ್ಲಿ ಅದನ್ನು ಫೆರೂಲ್ ಎನ್ನುವರು. ಕೋಲಿನ ಮುಂತುದಿಯನ್ನು ಸಣ್ಣಗೆ ಕಡೆದು ಅದರ ಮೇಲೆ ಈ ಕೊಳವೆಯನ್ನು ಕೂರಿಸುವರು. ಕೊಳವೆಯ ಮೇಲೆ ತೊಗಲಿನ ಬಿಲ್ಲೆಯನ್ನು ಅಂಟಿಸುವರು. ಕೆಲವೇ ಗ್ರಾಂ ತೂಗುವ ಈ ವಸ್ತುವನ್ನು ಯಾವುದರಿಂದ ಮಾಡಬೇಕೆಂಬುದು ಕೋಲು ಕಡೆಯುವವರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

ಅಣಸಿನ ಕೆಲಸಗಳು ಮೂರು. ಮೊದಲನೆಯದು, ಮರವು ಸೀಳದಂತೆ ಕಾಯುವುದು. ಎರಡನೆಯದು, ಬಿಲ್ಲೆಗೆ ಸಮನಾದ ಗಟ್ಟಿ ಪೀಠವಾಗುವುದು. ಮೂರನೆಯದು, ಪೆಟ್ಟನ್ನು ಹಾಳುಮಾಡದೆ ದಾಟಿಸುವುದು. ಈ ಮೂರನೆಯದರಲ್ಲಿಯೇ ಸೂಕ್ಷ್ಮವಿರುವುದು.

ಚೆಂಡಿನ ನಡುವಿಗೆ ಹೊಡೆದರೆ ಅದು ಗುರಿಯ ನೇರಕ್ಕೆ ಓಡುವುದು. ಬುಗುರಿಯಂತೆ ತಿರುಗಲೆಂದು ಬಲಮಗ್ಗುಲಿಗೆ ಹೊಡೆದರೆ, ಗುರಿಗಿಂತ ಕೊಂಚ ಎಡಕ್ಕೆ ಜಾರುವುದು. ಬಿಲ್ಲೆಯು ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ. ತಿರುಗುವ ಚೆಂಡು ಕೋಲಿನ ತುದಿಯನ್ನು ಪಕ್ಕಕ್ಕೆ ನೂಕುವುದಷ್ಟೆ. ಆ ಕದಲಿಕೆಯು ಅಷ್ಟು ಅಲ್ಪಕಾಲದಲ್ಲಿ ಕೋಲಿನ ಹಿಡಿಯವರೆಗೆ ತಲುಪಲಾರದು, ಮುಂಭಾಗದ ಕೆಲವೇ ಅಂಗುಲಗಳಿಗೆ ಹರಡುವುದು. ಆದುದರಿಂದ ಚೆಂಡು ಎಷ್ಟು ಜಾರುವುದೆಂಬುದನ್ನು ನಿರ್ಣಯಿಸುವುದು ಇಡೀ ಕೋಲಿನ ತೂಕವಲ್ಲ, ಆ ಮುಂತುದಿಯ ತೂಕ. ತುದಿಯು ಹಗುರವಾದಷ್ಟೂ ಜಾರುವಿಕೆ ಕಡಿಮೆ. ಅಣಸು ಇರುವುದು ತೀರ ತುದಿಯಲ್ಲಿಯೇ ಆದುದರಿಂದ ಅದರ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುವುದು.

ಲೆಕ್ಕವನ್ನೇ ಹಾಕಿ ನೋಡೋಣ. ಹೊರ ಅಡ್ಡಳತೆ 13 ಮಿಲಿಮೀಟರು, ಒಳ ಅಡ್ಡಳತೆ 8, ಉದ್ದ 25 ಇರುವ ಪೂಲ್ ಕೋಲಿನ ಅಣಸಿಗೆ ಎರಡು ಘನ ಸೆಂಟಿಮೀಟರಿಗಿಂತ ತುಸು ಹೆಚ್ಚು ವಸ್ತು ಬೇಕು. ದಂತದ ಸಾಂದ್ರತೆ ಸುಮಾರು 1.8, ಅಂತಹ ಅಣಸು 3.7 ಗ್ರಾಂ ತೂಗುವುದು. ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.05, ಅದರದು 2.2 ಗ್ರಾಂ. ಹಿತ್ತಾಳೆಯ ಸಾಂದ್ರತೆ ಸುಮಾರು 8.5; ಅದೇ ಅಳತೆಗೆ 17 ಗ್ರಾಮಿಗೂ ಮೀರುವುದು. ಹಾಗಾದರೆ ಸ್ನೂಕರ್ ಕೋಲುಗಳಿಗೆ ಹಿತ್ತಾಳೆಯನ್ನು ಹಾಕುವುದೇಕೆ? ಆ ಕೋಲಿನ ತುದಿ ಒಂಬತ್ತು ಹತ್ತು ಮಿಲಿಮೀಟರಿನಷ್ಟು ಸಪುರ. ಲೋಹವು ಬಲವಾದುದರಿಂದ ತೆಳುವಾಗಿ, ಮೋಟಾಗಿ ಮಾಡಬಹುದು. ಒಂದು ಮಿಲಿಮೀಟರು ದಪ್ಪ, ಹತ್ತು ಮಿಲಿಮೀಟರು ಉದ್ದದ ಹಿತ್ತಾಳೆಯ ಬಳೆಯು ಎರಡೂಕಾಲು ಗ್ರಾಂ ಮಾತ್ರ. ವಸ್ತುವಿನ ಜೊತೆಗೆ ಆಕಾರವನ್ನೂ ಎಣಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪೂಲ್ ಕೋಲುಗಳಲ್ಲಿ ಬಹುಕಾಲ ಶ್ರೇಷ್ಠವೆನಿಸಿದ್ದುದು ದಂತ. ಒತ್ತಾದ ಎಳೆ, ಹಿತವಾದ ಸದ್ದು, ನಯವಾದ ಹೊಳಪು ಅದರ ಗುಣಗಳು. ಒಣಹವೆಯಲ್ಲಿ ಬಿರಿಯುವುದು, ಕಾಲಕ್ರಮದಲ್ಲಿ ಹಳದಿಗೆ ತಿರುಗುವುದು ಅದರ ದೋಷಗಳು. ಆದರೆ ದೊಡ್ಡ ದೋಷವೊಂದು ಕಡೆಯುವ ಯಂತ್ರದ ಬಳಿ ಕಾಣುವಂತಹುದಲ್ಲ, ಅದು ಕಾಡಿನಲ್ಲಿರುವುದು. 1863ರಲ್ಲಿಯೇ ಅಮೆರಿಕದ ಒಂದು ಬಿಲಿಯರ್ಡ್ಸ್ ಸಂಸ್ಥೆಯು ದಂತದ ಚೆಂಡಿಗೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರುಗಳ ಬಹುಮಾನವನ್ನು ಸಾರಿತ್ತು. ಆ ಹುಡುಕಾಟದಲ್ಲಿ ತೊಡಗಿದ ಜಾನ್ ವೆಸ್ಲಿ ಹಯಟ್ ಎಂಬಾತನ ಕೈಯಲ್ಲಿ ಸೆಲ್ಯುಲಾಯ್ಡ್ ಉದ್ಯಮವು ಹುಟ್ಟಿತು. ಆದರೂ ಆನೆಗಳ ವಧೆ ನಿಲ್ಲಲಿಲ್ಲ. 1989ರಲ್ಲಿ ರಾಷ್ಟ್ರಗಳು ಕೂಡಿ ಆಫ್ರಿಕದ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ತೀರ್ಮಾನಿಸಿದವು. ನಮ್ಮ ದೇಶದಲ್ಲಿ ಭಾರತೀಯ ದಂತದ ಮಾರಾಟವನ್ನು 1986ರ ತಿದ್ದುಪಡಿಯೂ, ಆಫ್ರಿಕದ ದಂತದ ಮಾರಾಟವನ್ನು 1991ರ ತಿದ್ದುಪಡಿಯೂ ನಿಲ್ಲಿಸಿದವು. ಮೈಸೂರಿನ ಬೀಟೆಮರದ ಕೆತ್ತನೆಯಲ್ಲಿ ದಂತವನ್ನು ಕೂರಿಸುತ್ತಿದ್ದ ಕುಶಲಿಗಳೂ ಬೇರೆ ವಸ್ತುಗಳಿಗೆ ಕೈಹಾಕಬೇಕಾಯಿತು. ಅವರ ಕಲೆ ಅದರಿಂದ ಅಳಿಯಲಿಲ್ಲ. ಬಂಡೀಪುರದ ಆನೆಗಳ ನೆರೆಹೊರೆಯಲ್ಲಿರುವ ನಮಗೆ, ನಾಲ್ಕು ಗ್ರಾಮಿಗೂ ಕಡಿಮೆಯಾದ ಒಂದು ಬಳೆಗಾಗಿ ದಂತವನ್ನು ಬಯಸುವುದು ಎಷ್ಟು ಅಸಂಗತವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಬದಲಿಗಳ ಮಾತು. ನಾರುಹಲಗೆಯ ಅಣಸು ಅಗ್ಗ. ಆದರೆ ಬೆವರನ್ನೂ ನೀಲಿ ಸೀಮೆಸುಣ್ಣವನ್ನೂ ಹೀರಿ ಕೊಳೆಯಾಗುವುದು. ಮೆಲಮೈನ್ ಗಟ್ಟಿ, ಬಿಳುಪು, ಹೊಳಪು ಉಳ್ಳದ್ದು. ಆದರೆ ಗಡಸು ಹೆಚ್ಚಾದುದರಿಂದ ತೆಳುವಾಗಿ ಕಡೆದರೆ ಬಿರುಕು ಬಿಡಬಹುದು. ಲಿನನ್ ಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ನೆನೆಸಿ ಒತ್ತಿದ ವಸ್ತುವು ಬಹಳ ಬಾಳುವುದು, ಪೆಟ್ಟನ್ನು ತಾಳುವುದು. ಬಣ್ಣ ಮಾತ್ರ ಹಳದಿ ಅಥವಾ ಕಂದಿಗೆ ಸಲ್ಲುವುದು. ಎಬಿಎಸ್ ಹಗುರ, ಕಡೆಯಲು ಸುಲಭ. ಮೃದುವಾದುದರಿಂದ ಬಿಲ್ಲೆಯನ್ನು ಉಜ್ಜುವಾಗ ಗೀರು ಬೀಳುವುದು, ಮರಳುಕಾಗದ ತಾಗಿ ಸವೆಯುವುದು. ಹಿತ್ತಾಳೆಯು ಈ ವಿಷಯದಲ್ಲಿ ಗೆಲ್ಲುವುದಾದರೂ, ಬೇಸಗೆಯಲ್ಲಿ ಒಳಗಿನ ಮರವು ಒಣಗಿ ಕುಗ್ಗಿದರೆ ಸಡಿಲವಾಗಬಹುದು.

ಆರಿಸುವವರು ಮೊದಲು ತಮ್ಮ ಆಟವನ್ನು ನೋಡಿಕೊಳ್ಳಬೇಕು. ಚೆಂಡನ್ನು ಹೆಚ್ಚಾಗಿ ಮಗ್ಗುಲಿಗೆ ಹೊಡೆಯುವವರಿಗೆ ಹಗುರವಾದ, ಅರ್ಧ ಅಂಗುಲದ ಅಣಸು ಲೇಸು. ಚೆಂಡುಗಳನ್ನು ಒಡೆಯಲೆಂದೇ ಮೀಸಲಾದ ಕೋಲಿಗೆ ರಾಳದ ಬಟ್ಟೆಯಂತಹ ಗಟ್ಟಿವಸ್ತು ತಕ್ಕುದು. ದಿನವಿಡೀ ಹತ್ತಾರು ಕೈಗಳಿಗೆ ಸಿಕ್ಕುವ ಕ್ಲಬ್ಬಿನ ಕೋಲಿಗೆ ಅಂದಕ್ಕಿಂತ ಬಾಳಿಕೆಯೇ ಮುಖ್ಯ. ಯಾವುದನ್ನೇ ಹಾಕಿದರೂ ಒಳಗಿನ ಮರಕ್ಕೂ ಕೊಳವೆಗೂ ನಡುವೆ ಸಂದು ಉಳಿಯಬಾರದು, ಮೇಲ್ಮುಖವು ಮಟ್ಟಸವಾಗಿರಬೇಕು. ಸಡಿಲವಾಗಿ ಕೂತ ಉತ್ತಮ ವಸ್ತುವಿಗಿಂತ ಬಿಗಿಯಾಗಿ ಕೂತ ಸಾಧಾರಣ ವಸ್ತುವೇ ಮೇಲು. ಒನಕೆಗೆ ಅಣಸು ತೊಡಿಸುತ್ತಿದ್ದ ಕಮ್ಮಾರನಿಗೂ ಈ ಮಾತು ತಿಳಿದಿತ್ತು.