ಅಂತರ್ಜಾಲದ ಆಟದ ಕೂಟಗಳಲ್ಲಿ ಮೈತ್ರಿ ಮತ್ತು ಸ್ಥೈರ್ಯ

ಮನೆ ಒಂದು, ಉದ್ಯೋಗದ ಸ್ಥಳ ಒಂದು, ಇವೆರಡರ ಹೊರಗೆ ಜನರು ವಿಶೇಷ ಕಾರಣವಿಲ್ಲದೆಯೇ ಕೂಡಿ ಮಾತನಾಡುವ ಮೂರನೆಯ ತಾಣ ಒಂದು; ಈ ಮೂರೂ ಇದ್ದಲ್ಲಿ ಸಮಾಜಜೀವನವು ಪುಷ್ಟವಾಗಿರುತ್ತದೆಂದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ರೇ ಓಲ್ಡನ್‌ಬರ್ಗ್ ಅವರು ೧೯೮೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ನಮ್ಮ ಹಳ್ಳಿಗಳ ಅರಳಿಕಟ್ಟೆ, ದೇವಸ್ಥಾನದ ಜಗಲಿ, ಪೇಟೆಯ ಕಾಫಿ ಹೋಟೆಲು ಇವು ಅಂತಹ ತಾಣಗಳೇ. ಊರು ಬಿಟ್ಟು ಬಂದವನು ಹೊಸ ಊರಿನಲ್ಲಿ ಮನೆಯನ್ನೂ ಉದ್ಯೋಗವನ್ನೂ ದೊರಕಿಸಿಕೊಳ್ಳುತ್ತಾನೆ. ಕಟ್ಟೆಯನ್ನು ಮಾತ್ರ ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ಹೊರನಾಡಿನ ಕನ್ನಡ ಸಂಘಗಳು ಈ ಅಗತ್ಯವನ್ನು ಪೂರೈಸುತ್ತ ಬಂದಿವೆ.

ಜನಕಪುರಿಯನ್ನೇ ತೆಗೆದುಕೊಳ್ಳೋಣ. ಪಶ್ಚಿಮ ದೆಹಲಿಯ ಈ ಬಡಾವಣೆಯಲ್ಲಿ ಕನ್ನಡದ ಮನೆಗಳು ಈ ಬ್ಲಾಕಿನಲ್ಲೊಂದು ಆ ಬ್ಲಾಕಿನಲ್ಲೊಂದು ಎಂಬಂತೆ ಚದುರಿವೆ. ಇಲ್ಲಿ ಬೆಳೆಯುವ ಹುಡುಗನಿಗೆ ಶಾಲೆಯ ಮಾತು ಇಂಗ್ಲಿಷ್ ಮತ್ತು ಹಿಂದಿ. ಕೆಳಗಿನ ಪಾರ್ಕಿನ ಮಾತು ಹಿಂದಿ ಮತ್ತು ಪಂಜಾಬಿ. ಕನ್ನಡವೆಂದರೆ ಅಪ್ಪ ಅಮ್ಮಂದಿರೊಡನೆ ಆಡುವ ಮಾತು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಅವನು ಹೋಗಿಬರುವುದು ಹಿರಿಯರು ಕರೆದುಕೊಂಡು ಹೋದಾಗ. ಇಂತಹ ಹುಡುಗನು ರಾತ್ರಿಯ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಧರಿಸಿ, ತಾನೆಂದೂ ಕಣ್ಣಾರೆ ಕಾಣದ ಜೊತೆಗಾರರನ್ನು ಹೆಸರು ಹಿಡಿದು ಕೂಗುತ್ತಿದ್ದರೆ ಹಿರಿಯರು ಅದನ್ನು ಕಾಲಹರಣವೆನ್ನುವರು. ಕಾಲಹರಣವಿರಬಹುದು, ಆದರೆ ಅದು ಅವನ ಪಾಲಿನ ಕಟ್ಟೆಯೂ ಆಗಿರಬಹುದಲ್ಲವೆ? ಆಗಿದ್ದಲ್ಲಿ, ಅಲ್ಲಿ ಸ್ನೇಹವು ಹೇಗೆ ಹುಟ್ಟುತ್ತದೆ, ಯಾವುದರಿಂದ ನಿಲ್ಲುತ್ತದೆ, ಯಾವುದರಿಂದ ಮುರಿಯುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕೂಟದ ಸ್ವರೂಪವನ್ನು ತಿಳಿಯಬೇಕು. ಅನೇಕರು ಏಕಕಾಲದಲ್ಲಿ ಒಂದೇ ಕಲ್ಪಿತ ಲೋಕದೊಳಗೆ ಸಂಚರಿಸುವ ಆಟಗಳು ೧೯೯೭ರ ಅಲ್ಟಿಮಾ ಆನ್‌ಲೈನ್, ೧೯೯೯ರ ಎವರ್‌ಕ್ವೆಸ್ಟ್, ೨೦೦೪ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇವುಗಳಿಂದ ಪ್ರಸಿದ್ಧವಾದವು. ಇವುಗಳಲ್ಲಿನ ದೊಡ್ಡ ಸಾಹಸಗಳನ್ನು ಒಬ್ಬನೇ ಸಾಧಿಸಲಾರ. ಆದುದರಿಂದ ಆಟಗಾರರು ಒಂದು ಹೆಸರಿನಡಿಯಲ್ಲಿ ಒಟ್ಟುಗೂಡಿ ಶಾಶ್ವತ ಕೂಟಗಳನ್ನು ಮಾಡಿಕೊಂಡರು. ಇವಕ್ಕೆ ಗಿಲ್ಡ್ ಎಂದು ಹೆಸರು. ಭಾರತದಲ್ಲಿ ಇವು ಬಹುಮಟ್ಟಿಗೆ ಮೊಬೈಲ್ ಫೋನಿನ ಮೂಲಕ ಬಂದವು. ೨೦೧೨ರ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಟದಲ್ಲಿ ಒಂದು ಕೂಟಕ್ಕೆ ೫೦ ಜನರ ಮಿತಿಯುಂಟು; ನಾಯಕ, ಉಪನಾಯಕ, ಹಿರಿಯ, ಸದಸ್ಯ ಎಂಬ ನಾಲ್ಕು ದರ್ಜೆಗಳುಂಟು. ಪಬ್‌ಜಿ ಆಟದಲ್ಲಿ ನಾಲ್ವರ ತಂಡ. ಫ್ರೀ ಫೈರ್ ಆಟದಲ್ಲಿ ಗಿಲ್ಡ್ ಎಂಬ ಹೆಸರೇ ಬಳಕೆಯಲ್ಲಿದೆ.

ಮುಖ ಕಾಣದ ಈ ಪರಿಚಯವನ್ನು ಸ್ನೇಹವೆನ್ನಬಹುದೆ? ನಾರ್ವೆಯ ಮಾಟ್ಸ್ ಸ್ಟೇನ್ ಎಂಬ ಯುವಕನ ವೃತ್ತಾಂತವು ಇಲ್ಲಿ ವಿಚಾರಾರ್ಹವಾಗಿದೆ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಹುಟ್ಟುರೋಗದಿಂದ ನರಳಿದ ಈತ ೨೦೧೪ರ ನವೆಂಬರಿನಲ್ಲಿ, ತನ್ನ ೨೫ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗನು ಏಕಾಂಗಿಯಾಗಿ ಬದುಕಿದನೆಂದೇ ತಾಯಿತಂದೆಯರು ವ್ಯಥೆಪಟ್ಟಿದ್ದರು. ಮರಣವಾರ್ತೆಯನ್ನು ಅವರು ಪ್ರಕಟಿಸಿದಾಗ, ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಅವನು ಸೇರಿದ್ದ ಸ್ಟಾರ್‌ಲೈಟ್ ಎಂಬ ಗಿಲ್ಡಿನ ಗೆಳೆಯರಿಂದ ಸಾಂತ್ವನದ ಪತ್ರಗಳು ಬಂದವು. ಕೆಲವರು ಬೇರೆ ದೇಶಗಳಿಂದ ಪ್ರಯಾಣಮಾಡಿ ಅಂತ್ಯಸಂಸ್ಕಾರಕ್ಕೆ ಬಂದರು. ೨೦೨೪ರಲ್ಲಿ ಬೆಂಜಮಿನ್ ರೀ ಅವರು ಇದನ್ನು ಸಾಕ್ಷ್ಯಚಿತ್ರವಾಗಿ ನಿರೂಪಿಸಿದ್ದಾರೆ. ಹೆತ್ತವರಿಗೆ ಏಕಾಂತವಾಗಿ ಕಂಡದ್ದು ಮಗನಿಗೆ ಸಮಾಜವಾಗಿತ್ತು.

ಆದರೆ ಒಂದು ಉದಾಹರಣೆಯಿಂದ ಸಾಮಾನ್ಯ ನಿಯಮವನ್ನು ಹೇಳಲಾಗದು. ಕಾನ್‌ಸ್ಟನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎಂಬ ವಿದ್ವಾಂಸರು ೨೦೦೬ರಲ್ಲಿ ಈ ಆಟಗಳು ಓಲ್ಡನ್‌ಬರ್ಗ್ ಹೇಳಿದ ಮೂರನೆಯ ತಾಣದ ಲಕ್ಷಣಗಳನ್ನು ಬಹುಮಟ್ಟಿಗೆ ಹೊಂದಿವೆಯೆಂದು ತೋರಿಸಿದರು. ಆದರೆ ಅವು ವಿಶಾಲವಾದ ಪರಿಚಯಕ್ಕೆ ಅನುಕೂಲವಾಗುವಷ್ಟು ಗಾಢವಾದ ಆಪ್ತತೆಗೆ ಸಹಜವಾಗಿ ಅನುಕೂಲವಾಗವೆಂದೂ ಸೂಚಿಸಿದರು. ಅದೇ ವರ್ಷ ಇನ್ನೊಂದು ವಿದ್ವಾಂಸರ ತಂಡವು, ಜನಸಂದಣಿಯ ನಡುವೆ ಇದ್ದೂ ಒಂಟಿಯಾಗಿ ಆಡುವವರು ಬಹಳ ಮಂದಿ ಎಂಬುದನ್ನು ಗುರುತಿಸಿತು. ಅಂದರೆ ಕೂಟಕ್ಕೆ ಸೇರಿದ ಮಾತ್ರಕ್ಕೆ ಸ್ನೇಹ ಲಭಿಸದು. ಅದಕ್ಕೆ ಬೇರೆ ಕಾರಣಗಳು ಬೇಕು.

ಅವುಗಳಲ್ಲಿ ಮೊದಲನೆಯದು ಪರಸ್ಪರಾವಲಂಬನೆ. ಇಂತಹ ಆಟಗಳಲ್ಲಿ ಶತ್ರುವಿನ ಪೆಟ್ಟನ್ನು ತಾನೇ ತಾಳಿಕೊಳ್ಳುವವನೊಬ್ಬ, ಗಾಯಗೊಂಡವರನ್ನು ಗುಣಪಡಿಸುವವನೊಬ್ಬ, ಆಕ್ರಮಣ ಮಾಡುವವರು ಕೆಲವರು ಎಂದು ಕೆಲಸದ ವಿಭಾಗವಿದೆ. ಒಬ್ಬನು ಅಲಕ್ಷ್ಯಮಾಡಿದರೆ ಎಲ್ಲರೂ ಸೋಲುತ್ತಾರೆ. ಕ್ಲ್ಯಾಶ್ ಆಫ್ ಕ್ಲ್ಯಾನ್ಸಿನಲ್ಲಿ ಸದಸ್ಯರು ಒಬ್ಬರಿಗೊಬ್ಬರು ಸೈನಿಕರನ್ನು ಕೊಡುತ್ತಾರೆ. ಹಳ್ಳಿಯ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುತ್ತದೆ: ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಎರಡನೆಯದು ನಿಯತಕಾಲ. ಮತ್ತೆ ಮತ್ತೆ ಸಂಧಿಸಬೇಕಾದವರಲ್ಲಿ ಮಾತ್ರ ಸಹಕಾರವು ಬೇರೂರುತ್ತದೆಂದು ರಾಬರ್ಟ್ ಆಕ್ಸೆಲ್‌ರಾಡ್ ಅವರು ೧೯೮೪ರಲ್ಲಿ ವಾದಿಸಿದರು. ಗೊತ್ತಾದ ದಿನ, ಗೊತ್ತಾದ ಹೊತ್ತು ಇದ್ದರೆ ಅಪರಿಚಿತನು ಜೊತೆಗಾರನಾಗುತ್ತಾನೆ. ಮೂರನೆಯದು ವಿರಾಮದ ಮಾತು. ಒಂದು ಸುತ್ತು ಸೋತು ಮುಂದಿನ ಸುತ್ತಿಗೆ ಎಲ್ಲರೂ ಸೇರುವವರೆಗೆ ನಡೆಯುವ ಪರೀಕ್ಷೆಯ ಸುದ್ದಿ, ಮನೆಯ ಸುದ್ದಿ, ಹಾಸ್ಯ, ಇವೇ ಪರಿಚಯವನ್ನು ಆಪ್ತತೆಯಾಗಿ ಮಾರ್ಪಡಿಸುತ್ತವೆ.

ಇನ್ನು ಕೂಟಗಳು ಒಡೆಯುವ ಕಾರಣಗಳನ್ನು ನೋಡೋಣ. ಮೊದಲನೆಯದು ಪಾಲಿನ ಜಗಳ. ನಲವತ್ತು ಜನ ಹೋರಾಡಿ ಗೆದ್ದಾಗ ದೊರೆಯುವ ಆಯುಧಗಳು ಎರಡೋ ಮೂರೋ. ಅವು ಯಾರಿಗೆ ಸಲ್ಲಬೇಕು? ಎವರ್‌ಕ್ವೆಸ್ಟಿನ ಆಟಗಾರರು ಇದಕ್ಕಾಗಿ ಡಿ.ಕೆ.ಪಿ. ಎಂಬ ಅಂಕಪದ್ಧತಿಯನ್ನು ಕಲ್ಪಿಸಿಕೊಂಡರು. ಹಾಜರಿಗೂ ಶ್ರಮಕ್ಕೂ ಅಂಕ. ಗಳಿಸಿದ ಅಂಕವನ್ನು ವ್ಯಯಮಾಡಿ ವಸ್ತುವನ್ನು ಪಡೆಯಬೇಕು. ಹಳಬರು ಅಂಕಗಳನ್ನು ಕೂಡಿಟ್ಟರೆ ಹೊಸಬರಿಗೆ ಏನೂ ಸಿಕ್ಕುವುದಿಲ್ಲವೆಂಬ ದೋಷ ಇದರಲ್ಲಿದೆ. ಹಿರಿಯರ ಮಂಡಳಿಯೇ ಹಂಚುವ ಕ್ರಮವೂ ಉಂಟು; ಅದರಲ್ಲಿ ಪಕ್ಷಪಾತದ ಸಂಶಯಕ್ಕೆ ಎಡೆಯುಂಟು. ಯಾವ ಪದ್ಧತಿಯೂ ನಿರ್ದೋಷವಲ್ಲ. ಆದರೆ ಕ್ರಮವು ಮುಂಚಿತವಾಗಿ ಎಲ್ಲರಿಗೂ ತಿಳಿದಿದ್ದರೆ, ವಸ್ತು ದೊರೆಯದವನೂ ಕೂಟದಲ್ಲಿ ಉಳಿಯುತ್ತಾನೆ.

ಎರಡನೆಯದು ಸಂಖ್ಯೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಮೊದಲ ದೊಡ್ಡ ದಂಡಯಾತ್ರೆಗಳಿಗೆ ೪೦ ಜನರಿಗೆ ಅವಕಾಶವಿತ್ತು. ೨೦೦೭ರ ಜನವರಿಯ ಹೊಸ ಆವೃತ್ತಿಯಲ್ಲಿ ಈ ಸಂಖ್ಯೆ ೨೫ಕ್ಕೆ ಇಳಿಯಿತು; ೧೦ ಜನರ ಯಾತ್ರೆಯೂ ಬಂದಿತು. ನಲವತ್ತರಲ್ಲಿ ಹದಿನೈದು ಮಂದಿಯನ್ನು ಹೊರಗೆ ಕೂರಿಸುವುದು ಹೇಗೆ? ಯಾರ ತಪ್ಪೂ ಇಲ್ಲದೆ ಅನೇಕ ಕೂಟಗಳು ಈ ಲೆಕ್ಕದಲ್ಲಿಯೇ ಸೀಳಿಹೋದವು. ಮೂರನೆಯದು ಅಧಿಕಾರ. ಈವ್ ಆನ್‌ಲೈನ್ ಎಂಬ ಆಟದಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಮಹಾಮೈತ್ರಿಕೂಟವು ೨೦೦೯ರ ಫೆಬ್ರುವರಿಯಲ್ಲಿ ಒಂದೇ ರಾತ್ರಿಯಲ್ಲಿ ವಿಸರ್ಜಿತವಾಯಿತು. ಯುದ್ಧದಲ್ಲಿ ಸೋತು ಅದು ಅಳಿದುದಲ್ಲ. ವಿಸರ್ಜಿಸುವ ಅಧಿಕಾರವಿದ್ದ ಪದಾಧಿಕಾರಿಯೊಬ್ಬ ಎದುರಾಳಿಗಳೊಡನೆ ಸೇರಿಕೊಂಡುದೇ ಕಾರಣ.

ನಾಲ್ಕನೆಯದು ನೆಲೆ ತಪ್ಪುವುದು. ಪಬ್‌ಜಿ ಮೊಬೈಲನ್ನು ಭಾರತ ಸರಕಾರವು ೨೦೨೦ರ ಸೆಪ್ಟೆಂಬರ್ ೨ರಂದು ನಿಷೇಧಿಸಿತು. ಅದರ ಬದಲಿಗೆ ೨೦೨೧ರ ಜುಲೈಯಲ್ಲಿ ಬಂದ ಬಿ.ಜಿ.ಎಂ.ಐ. ೨೦೨೨ರ ಜುಲೈಯಲ್ಲಿ ಅಂಗಡಿಗಳಿಂದ ಮಾಯವಾಗಿ ೨೦೨೩ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ ೨೦೨೨ರ ಫೆಬ್ರುವರಿಯಲ್ಲಿ ನಿಷಿದ್ಧವಾಯಿತು. ಆಟದೊಳಗಿನ ಹೆಸರಿನಿಂದ ಮಾತ್ರ ಒಬ್ಬರನ್ನೊಬ್ಬರು ಬಲ್ಲವರಿಗೆ ಆಟ ಹೋದೊಡನೆ ಗೆಳೆಯನನ್ನು ಹುಡುಕುವ ದಾರಿಯೂ ಹೋಯಿತು. ಆಟದ ಹೊರಗೆ ಇನ್ನೊಂದು ಮಾತಿನ ತಾಣವನ್ನು ಇಟ್ಟುಕೊಂಡವರು ಬೇರೊಂದು ಆಟಕ್ಕೆ ಒಟ್ಟಾಗಿ ಹೋಗಬಹುದಾಗಿತ್ತು.

ಕನ್ನಡನಾಡಿಗೆ ಈ ವಿಷಯ ಹೊಸದಲ್ಲ. ಗಿಲ್ಡ್ ಎಂಬ ಶಬ್ದವನ್ನು ನಮ್ಮ ಇತಿಹಾಸಕಾರರು ಪ್ರಾಚೀನ ವರ್ತಕಸಂಘಗಳಿಗೆ ಬಳಸುತ್ತಾರೆ. ಅವುಗಳಲ್ಲಿ ಅಗ್ರಗಣ್ಯವಾದುದು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ಸಂಘ. ಸುಮಾರು ಎಂಟನೆಯ ಶತಮಾನದಿಂದ ವಿಜಯನಗರದ ಕಾಲದವರೆಗೆ ಶಾಸನಗಳಲ್ಲಿ ಅದರ ಹೆಸರು ಕಾಣಬರುತ್ತದೆ. ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತ ೧೦೮೮ರ ತಮಿಳು ಶಾಸನವೂ ಐನೂರ್ವರದೇ. ಅವರು ತಮ್ಮನ್ನು ನಾನಾದೇಶಿಗಳೆಂದು ಕರೆದುಕೊಂಡರು. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಬಂದುಹೋದರೂ ದೂರದೂರದಲ್ಲಿ ಚದುರಿದ್ದ ಈ ಜನ ಒಂದು ಹೆಸರಿನಡಿಯಲ್ಲಿ ಬಾಳಿದರು. ಅವರ ಸಂಘಕ್ಕಿದ್ದುದು ಒಬ್ಬ ನಾಯಕನ ಹೆಸರಲ್ಲ, ಒಂದು ಊರಿನ ಮತ್ತು ಒಂದು ಸಂಖ್ಯೆಯ ಹೆಸರು. ಅವರು ಹೆಮ್ಮೆಯಿಂದ ಹೇಳಿಕೊಂಡುದು ತಾವು ಪಾಲಿಸುವ ಬಣಂಜು ಧರ್ಮವನ್ನು, ಎಂದರೆ ತಮ್ಮ ಕಟ್ಟಳೆಯನ್ನು. ವ್ಯಾಪಾರಕ್ಕೂ ಆಟಕ್ಕೂ ಅಂತರ ಬಹಳ, ನಿಜ. ಆದರೂ ದೂರದಲ್ಲಿರುವವರ ಕೂಟವು ಪ್ರೀತಿಯಿಂದ ಹುಟ್ಟಿದರೂ ಕಟ್ಟಳೆಯಿಂದ ಬಾಳುತ್ತದೆಂಬ ತತ್ತ್ವವು ಎರಡಕ್ಕೂ ಸಮಾನವಾಗಿದೆ.

ಈ ವಿಚಾರದಿಂದ ಜನಕಪುರಿಯಂತಹ ಕಡೆ ಕನ್ನಡದ ಹುಡುಗರು ಹುಡುಗಿಯರು ಕಟ್ಟಿಕೊಳ್ಳಬಹುದಾದ ಆಟದ ಕೂಟಕ್ಕೆ ಕೆಲವು ಸೂಚನೆಗಳು ದೊರೆಯುತ್ತವೆ. ಆಟವು ಕೇಳುವ ಸಂಖ್ಯೆಗಿಂತ ಸ್ವಲ್ಪವೇ ಹೆಚ್ಚು ಜನರಿರಲಿ. ಸರದಿಯ ಪ್ರಕಾರ ಎಲ್ಲರಿಗೂ ಅವಕಾಶ ಬರಲಿ. ವಾರದಲ್ಲಿ ಎರಡು ಮೂರು ದಿನ ಮಾತ್ರ, ಆರಂಭದ ಹೊತ್ತಿನಂತೆ ಮುಗಿಯುವ ಹೊತ್ತೂ ಗೊತ್ತಾಗಿರಲಿ. ಹತ್ತು ಸಾಲುಗಳನ್ನು ಮೀರದ ನಿಯಮಾವಳಿಯೊಂದು ಬರೆಹದಲ್ಲಿರಲಿ: ಪಾಲು ಹೇಗೆ, ಬೈಗುಳಕ್ಕೆ ಶಿಕ್ಷೆಯೇನು, ನಾಯಕನ ಅವಧಿಯೆಷ್ಟು. ವಿಸರ್ಜಿಸುವ ಅಧಿಕಾರ ಯಾರೊಬ್ಬರ ವಶದಲ್ಲಿಯೂ ಬೇಡ. ಆಟವೇ ಅದನ್ನು ನಾಯಕನಿಗೆ ಕೊಟ್ಟಿದ್ದರೆ ಸದಸ್ಯರ ಪಟ್ಟಿಯನ್ನು ಇತರರೂ ಇಟ್ಟುಕೊಂಡಿರಲಿ. ಹೊಸಬನಿಗೆ ಹಳಬನೊಬ್ಬ ಜೊತೆಯಿರಲಿ. ಹಣವನ್ನು ಪಣವಿಡುವ ಆಟಗಳು ದೂರವಿರಲಿ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮವು ಅವನ್ನು ನಿಷೇಧಿಸಿ ಇ-ಕ್ರೀಡೆಯನ್ನು ಬೇರೆಯಾಗಿ ಮಾನ್ಯಮಾಡಿದೆ.

ಹಿರಿಯರ ಭಯವು ನಿರಾಧಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ, ೨೦೨೨ರಿಂದ ಜಾರಿಯಲ್ಲಿರುವ ಆವೃತ್ತಿಯಂತೆ, ಆಟದ ವ್ಯಸನಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸಾಲಯವನ್ನು ತೆರೆಯಿತು. ನಿದ್ರೆ, ಓದು, ಊಟ ಕೆಟ್ಟರೆ ಅದು ರೋಗಲಕ್ಷಣವಾಗಿರಬಹುದು. ಆದರೆ ತಂದೆಯು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹೊತ್ತು ಆಡಿದೆ?’ ಎಂಬುದಕ್ಕಿಂತ ‘ಯಾರ ಜೊತೆ ಆಡಿದೆ?’ ಎಂಬುದು. ಜೊತೆಗಾರರ ಹೆಸರು, ಊರು, ಗುಣಗಳನ್ನು ಮಗ ಹೇಳಬಲ್ಲನಾದರೆ ಅವನಿಗೆ ಅಲ್ಲಿ ಗೆಳೆಯರಿದ್ದಾರೆ. ಹೇಳಲಾರನಾದರೆ ಅವನು ಜನಜಂಗುಳಿಯಲ್ಲಿ ಒಂಟಿಯಾಗಿದ್ದಾನೆ, ಆಗ ಅವನಿಗೆ ನಮ್ಮ ಸಹಾಯ ಬೇಕು.

ಸಂಘಗಳ ಪಾಲಿಗೂ ಇಲ್ಲಿ ಒಂದು ಮುಖ್ಯ ವಿಷಯವಿದೆ. ಹೊರನಾಡಿನ ಮಗುವಿಗೆ ಹಿರಿಯರ ಕನ್ನಡ ದೊರೆಯುತ್ತದೆ, ಓರಗೆಯವರ ಕನ್ನಡ ದೊರೆಯುವುದು ದುರ್ಲಭ. ಜಗಳವಾಡಲು, ರೇಗಿಸಲು, ಕ್ಷಮೆ ಕೇಳಲು ಬಾರದ ಭಾಷೆ ಹಬ್ಬದ ಭಾಷೆಯಾಗಿಯೇ ಉಳಿಯುತ್ತದೆ. ಧಾರವಾಡದ, ಕಾಸರಗೋಡಿನ, ಜನಕಪುರಿಯ ಮಕ್ಕಳು ಒಂದೇ ಕೂಟದಲ್ಲಿ ಕೂಡಿದರೆ ಆ ಕನ್ನಡವು ಮೈಕಿನ ಮೂಲಕ ಮನೆಯೊಳಕ್ಕೆ ಬರಬಹುದು. ಸಂಘವು ಇದಕ್ಕೆ ಮಾಡಬೇಕಾದ ವೆಚ್ಚವೂ ಅಲ್ಪ: ವರ್ಷಕ್ಕೊಂದು ಸಂಜೆ ತನ್ನ ಸಭಾಂಗಣವನ್ನು ಈ ಕಿರಿಯರಿಗೆ ಬಿಟ್ಟುಕೊಟ್ಟು, ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಚದುರಿರುವ ಆಟಗಾರರು ಮುಖತಃ ಭೇಟಿಯಾಗುವಂತೆ ಮಾಡಿದರೆ ಸಾಕು. ಆ ಸಂಜೆಯ ವ್ಯವಸ್ಥೆಯನ್ನು ಅವರೇ ನೋಡಿಕೊಳ್ಳಲಿ. ವಾರವಾರವೂ ಹೊತ್ತಿಗೆ ಸರಿಯಾಗಿ ಕೂಡುವುದನ್ನೂ, ಕೆಲಸ ಹಂಚಿಕೊಳ್ಳುವುದನ್ನೂ, ಸೋತ ಮೇಲೂ ಬಿಟ್ಟುಹೋಗದಿರುವುದನ್ನೂ ಆಟದಲ್ಲಿ ಕಲಿತವರು ನಾಳೆ ಸಂಘದ ಕಾರ್ಯದರ್ಶಿಗಳಾಗಲು ಅಯೋಗ್ಯರೇನೂ ಅಲ್ಲ.