ನಾಯಿಗೆ ಶಾಲೆಯೋ, ಮನೆಪಾಠವೋ?

ಮಕ್ಕಳನ್ನು ಶಾಲೆಗೆ ಕಳುಹಿಸುವುದು ಮೇಲೋ, ಉಪಾಧ್ಯಾಯರನ್ನು ಮನೆಗೆ ಕರೆಯಿಸಿ ಪಾಠ ಹೇಳಿಸುವುದು ಮೇಲೋ ಎಂಬ ಪ್ರಶ್ನೆಗೆ ಮೂವತ್ತನಾಲ್ಕು ವರ್ಷಗಳ ಕಾಲ ತಂದೆತಾಯಿಗಳಿಗೆ ಉತ್ತರ ಹೇಳುತ್ತ ಬಂದವನು ನಾನು. ಅದೇ ಪ್ರಶ್ನೆಯನ್ನು ಒಂದು ನಾಯಿಯ ವಿಷಯದಲ್ಲಿ ನನಗೆ ನಾನೇ ಕೇಳಿಕೊಳ್ಳಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಭಗವಾನ್ ಪಾಣಿನಿಯು ನಾಯಿಯನ್ನೂ ತರುಣನನ್ನೂ ದೇವೇಂದ್ರನನ್ನೂ ಒಂದೇ ಸೂತ್ರದಲ್ಲಿ ಪೋಣಿಸಿಬಿಟ್ಟನೆಂದು ವ್ಯಾಕರಣದ ವಿದ್ಯಾರ್ಥಿಗಳು ನಗುವುದುಂಟು. ಆ ಹಾಸ್ಯವನ್ನು ತರಗತಿಯಲ್ಲಿ ಹೇಳಿ ನಾನೂ ಎಷ್ಟೋ ಸಲ ಹುಡುಗರನ್ನು ನಗಿಸಿದ್ದೇನೆ. ನಿವೃತ್ತನಾದ ವರ್ಷವೇ ಆ ಸೂತ್ರದ ಮೊದಲನೆಯ ಪದವು ಕೋಲಾರದ ನಮ್ಮ ಮನೆಯ ಅಂಗಳಕ್ಕೆ ಬಾಲವನ್ನಾಡಿಸುತ್ತ ಬಂದು ನಿಂತಿತು.

ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಮಾಡುವ ನನ್ನ ಮಗನು ಒಂದು ರಾತ್ರಿ ಪಾಳಿ ಮುಗಿಸಿಕೊಂಡು ಬರುವಾಗ ಹೆದ್ದಾರಿಯ ಬದಿಯಲ್ಲಿ ಮಳೆಯಲ್ಲಿ ನೆನೆದು ನಡುಗುತ್ತಿದ್ದ ಕರಿಯ ಬಣ್ಣದ ಮರಿಯೊಂದನ್ನು ಎತ್ತಿಕೊಂಡು ಬಂದನು. ಅದಕ್ಕೆ ಆಗ ಐದು ತಿಂಗಳಿರಬಹುದು. ನಾನು ಮುಖ ಗಂಟಿಕ್ಕಿದೆನಾದರೂ ನಮ್ಮ ಮನೆಯವರು, “ಸೀತಿಬೆಟ್ಟದ ಭೈರವೇಶ್ವರನ ವಾಹನ, ಬಾಗಿಲಿಗೆ ಬಂದದ್ದನ್ನು ಅಟ್ಟಬೇಡಿ” ಎಂದದ್ದರಿಂದ ಅದು ಉಳಿಯಿತು. ಹೆಸರು ಕರಿಯ ಎಂದಾಯಿತು. ಪಶುವೈದ್ಯರು ಹುಚ್ಚುನಾಯಿ ರೋಗದ ಲಸಿಕೆಯನ್ನೂ ಇತರ ಲಸಿಕೆಗಳನ್ನೂ ಹಾಕಿದರು.

ವರ್ಷ ತುಂಬುವ ಹೊತ್ತಿಗೆ ಕರಿಯನ ಸ್ವಭಾವದಲ್ಲಿ ಒಂದು ದೋಷ ಕಾಣಿಸಿಕೊಂಡಿತು. ಉಣ್ಣುವಾಗ ಯಾರಾದರೂ ಹತ್ತಿರ ಸುಳಿದರೆ ಗುರ್ರೆನ್ನುವನು. ತಲೆಯನ್ನು ಮುಟ್ಟಲು ಹೋದರೆ ಹಲ್ಲು ತೋರಿಸುವನು. ಒಂದು ಸಂಜೆ ಆರು ವರ್ಷದ ಮೊಮ್ಮಗಳು ಅವನ ತಟ್ಟೆಯ ಬಳಿ ಬಿದ್ದಿದ್ದ ಚೆಂಡಿಗೆ ಕೈ ಚಾಚಿದಳು. ಹಲ್ಲು ತಾಗಿ ಮುಂಗೈ ತರಚಿತು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದೆವು. (ನಾಯಿಗೆ ಲಸಿಕೆಯಾಗಿದೆಯೆಂದು ಯಾರೂ ಈ ವಿಷಯದಲ್ಲಿ ಉದಾಸೀನ ಮಾಡಕೂಡದು, ಆ ರೋಗದ ಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.) ಆ ರಾತ್ರಿ ಸೊಸೆಯು ನನ್ನೆದುರು ನಿಂತು, “ಮಾವಯ್ಯ, ಒಂದೋ ಈ ನಾಯಿ ಹೋಗಬೇಕು, ಇಲ್ಲವೇ ಮಗುವನ್ನು ಕರೆದುಕೊಂಡು ನಾನು ಮಾಲೂರಿಗೆ ಹೋಗುತ್ತೇನೆ” ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಶ್ರೀನಿವಾಸಪುರದ ಕಡೆಯ ನಮ್ಮ ಬಂಧುಗಳೊಬ್ಬರು, ನಾಯಿಯನ್ನು ತಮ್ಮ ಮಾವಿನ ತೋಪಿನಲ್ಲಿ ಸರಪಳಿ ಹಾಕಿ ಕಟ್ಟಿಕೊಳ್ಳುವುದಾಗಿ ಹೇಳಿದರು. ಮಗನು ಮಾತನಾಡಲಿಲ್ಲ. ಮೂರು ತಿಂಗಳ ಅವಧಿಯನ್ನು ನಾನು ಬೇಡಿದೆ. ಅಲ್ಲಿಯವರೆಗೆ ಮಗುವೂ ನಾಯಿಯೂ ಒಂದೇ ಕೋಣೆಯಲ್ಲಿ ಇರಕೂಡದೆಂಬ ಕರಾರಿನ ಮೇಲೆ ಸೊಸೆ ಒಪ್ಪಿದಳು.

ಪಕ್ಕದ ಮನೆಯವರು ತಮ್ಮ ಲ್ಯಾಬ್ರಡಾರ್ ಮರಿಯನ್ನು ಭಾನುವಾರಗಳಂದು ಬೆಂಗಳೂರಿನ ಹೊರವಲಯದ ಒಂದು ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಹತ್ತು ಹನ್ನೆರಡು ನಾಯಿಗಳಿಗೆ ಒಬ್ಬನೇ ಗುರುವು ಏಕಕಾಲದಲ್ಲಿ ಪಾಠ ಹೇಳುತ್ತಿದ್ದನು. ಶುಲ್ಕ ಸ್ವಲ್ಪ. ಶಾಲೆಯೆಂದರೆ ನನಗೆ ಮೊದಲಿನಿಂದಲೂ ಪಕ್ಷಪಾತವಷ್ಟೆ. ಕರಿಯನನ್ನೂ ಅವರ ಕಾರಿನಲ್ಲಿಯೇ ಕೂರಿಸಿಕೊಂಡು ಹೋದೆವು. ಲ್ಯಾಬ್ರಡಾರ್ ಮರಿಯು ನಾಲ್ಕು ಭಾನುವಾರಗಳಲ್ಲಿ ಕೂರುವುದನ್ನೂ ನಿಲ್ಲುವುದನ್ನೂ ಕರೆದಾಗ ಬರುವುದನ್ನೂ ಕಲಿತು ಎಲ್ಲರ ಪ್ರೀತಿಗೆ ಪಾತ್ರವಾಯಿತು. ನಮ್ಮ ಕರಿಯನಾದರೋ ಕಾರಿನಿಂದ ಇಳಿದ ಕ್ಷಣದಿಂದ ಬೊಗಳಲಾರಂಭಿಸಿ, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಂಡು, ಜೊಲ್ಲು ಸುರಿಸುತ್ತ ಒಂದು ಗಂಟೆ ಕಳೆದನು. ಗುರುವು ಪಟ್ಟಿಯನ್ನು ಜಗ್ಗಿ ಗದರಿಸಿದಷ್ಟೂ ಬೊಗಳುವಿಕೆ ಹೆಚ್ಚಿತು.

ಅದನ್ನು ನೋಡುತ್ತ ನಿಂತಿದ್ದ ನನಗೆ ಬಹುಕಾಲದ ಹಿಂದಿನ ಒಬ್ಬ ವಿದ್ಯಾರ್ಥಿಯ ನೆನಪಾಯಿತು. ಉಗ್ಗುತ್ತಿದ್ದ ಹುಡುಗ. ನಾಲ್ಕು ಜನರ ಮುಂದೆ ಮಾತನಾಡಿದರೆ ಅಂಜಿಕೆ ಹೋದೀತೆಂದು ಎಣಿಸಿ, ನಾನು ಅವನನ್ನು ತರಗತಿಯ ಎದುರಿಗೆ ನಿಲ್ಲಿಸಿ ರಾಮಶಬ್ದವನ್ನು ಹೇಳಿಸಲು ಯತ್ನಿಸಿದೆ. ಮಕ್ಕಳು ನಕ್ಕರು. ಮಾರನೆಯ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಬಳಿಕ ಅವನ ಮನೆಗೆ ಹೋಗಿ ಕರೆದರೂ ಬರಲಿಲ್ಲ. ಆ ತಪ್ಪನ್ನೇ ಇಳಿವಯಸ್ಸಿನಲ್ಲಿ ಒಂದು ಮೂಕಪ್ರಾಣಿಯ ವಿಷಯದಲ್ಲಿ ಪುನಃ ಮಾಡುತ್ತಿದ್ದೇನಲ್ಲವೆ ಎಂದೆನಿಸಿ ಮೂರನೆಯ ಭಾನುವಾರಕ್ಕೆ ಆ ಶಾಲೆಯನ್ನು ಬಿಡಿಸಿದೆ.

ಇಷ್ಟರಿಂದ ಸಾಮೂಹಿಕ ಶಿಕ್ಷಣವೇ ಕೆಟ್ಟದ್ದೆಂದು ವಾಚಕರು ತಿಳಿಯಬಾರದು. ಎಳೆಯ ಮರಿಗಳಿಗೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಅನೇಕ ವರ್ಷ ನಾಯಿಮರಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವು ಅದರ ಬಾಳಿಗೆ ಅಡಿಗಲ್ಲೆಂದು ತೋರಿಸಿಕೊಟ್ಟರು. ಆ ಅವಧಿಯಲ್ಲಿ ಕಂಡ ಜನ, ಕೇಳಿದ ಸದ್ದು, ಕೂಡಿ ಆಡಿದ ನಾಯಿಗಳು ಮುಂದೆ ಅದಕ್ಕೆ ಭಯವನ್ನುಂಟುಮಾಡುವುದಿಲ್ಲ. ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೆ ಬಿಡಬಾರದೆಂಬ ಹಿಂದಿನ ಅಭಿಪ್ರಾಯವೂ ಈಗ ಸಡಿಲವಾಗಿದೆ. ಮೊದಲ ಲಸಿಕೆಯನ್ನು ಹಾಕಿಸಿ, ಜಂತುಹುಳುವಿನ ಔಷಧವನ್ನು ಕೊಟ್ಟು, ಏಳು ದಿನ ಕಳೆದ ಮೇಲೆ, ಏಳೆಂಟು ವಾರದ ಮರಿಯನ್ನು ಶುಚಿಯಾದ ತರಗತಿಗೆ ಸೇರಿಸಬಹುದೆಂದು ಅಮೆರಿಕದ ಪ್ರಾಣಿವರ್ತನ ವೈದ್ಯರ ಸಂಘವು 2008ರಲ್ಲಿಯೇ ಹೇಳಿದೆ. ನಮ್ಮ ಕುರಿಮಂದೆಗಳ ಹಿಂದೆ ಹೋಗುವ ಮರಿಗೆ ಯಾವ ವೈದ್ಯರ ಸಂಘ ಹೇಳಬೇಕು? ಹಿರಿಯ ನಾಯಿಯ ಹಿಂದೆ ಓಡಿ, ಅದು ನಿಂತಲ್ಲಿ ನಿಂತು, ಅದು ಕಿವಿ ನೆಟ್ಟಗೆ ಮಾಡಿದರೆ ತಾನೂ ಮಾಡಿ, ಒಂದು ವರ್ಷದಲ್ಲಿ ಮಂದೆಯ ಕಾವಲು ಕಲಿಯುತ್ತದೆ. ಕರಿಯನು ನಮ್ಮ ಮನೆಗೆ ಬರುವಷ್ಟರಲ್ಲಿ ಆ ವಯಸ್ಸು ಹೆದ್ದಾರಿಯ ಬದಿಯಲ್ಲಿಯೇ ಕಳೆದುಹೋಗಿತ್ತು.

ಶಾಲೆಯನ್ನು ಬಿಡಿಸಿದ ಮೇಲೆ ಮನೆಪಾಠಕ್ಕೆ ಒಬ್ಬರನ್ನು ಗೊತ್ತುಮಾಡಿದೆವು. ಅವರ ಶುಲ್ಕ ಶಾಲೆಯದರ ಅನೇಕ ಪಟ್ಟು. ದಿನವೂ ಬೆಳಿಗ್ಗೆ ಬಂದು ಗೇಟಿನ ಬಳಿ ಅರ್ಧ ಗಂಟೆ ಕರಿಯನೊಡನೆ ಇರುವರು. ನಾವು ಒಳಗೆ ಕಾಫಿ ಕುಡಿಯುತ್ತ ಕಿಟಕಿಯಿಂದ ನೋಡುವೆವು. ಹದಿನೈದು ದಿನಗಳಲ್ಲಿ ಕರಿಯನು ಅವರು ಬೆರಳೆತ್ತಿದರೆ ಕೂರುವನು, ಬೆರಳಿಳಿಸಿದರೆ ಮಲಗುವನು. ಅವರು ಹೋದ ಮೇಲೆ ನಮ್ಮಲ್ಲಿ ಯಾರು ಬೆರಳೆತ್ತಿದರೂ ಗೋಡೆಯನ್ನು ನೋಡುವನು! ಅಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ನಾನು ಊರುಗೋಲನ್ನು ಕೈಗೆತ್ತಿಕೊಂಡರೆ ಕರಿಯನು ಮಂಚದಡಿ ಸೇರಲಾರಂಭಿಸಿದನು. ಅವರು ಗುರ್ರೆಂದದ್ದಕ್ಕೆ ಹೊಡೆಯುತ್ತಿದ್ದರೆಂದು ಆಮೇಲೆ ತಿಳಿಯಿತು. ಗುರ್ರೆನ್ನುವುದು ನಾಯಿಯ ಭಾಷೆಯಲ್ಲಿ ಎಚ್ಚರಿಕೆಯ ಮಾತು. ಅದನ್ನು ಹೊಡೆದು ನಿಲ್ಲಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಸತ್ರಶಾಲೆಗೆ ಬಂದ ಸರಮೆಯ ಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟುವ ಪ್ರಸಂಗವೊಂದಿದೆ. ಮರಿಯು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯವು ಬರಲಿ ಎಂದು ಅವಳು ಶಪಿಸಿದಳು. ಈ ಕಥೆಯನ್ನು ನಾನು ಪಾಠ ಹೇಳಿದ್ದೇನೆ. ಅದು ನನ್ನ ಗೇಟಿನ ಬಳಿ ನಡೆಯುವಾಗ ಒಳಗೆ ಕಾಫಿ ಕುಡಿಯುತ್ತಿದ್ದೆ.

ಅವಧಿಯಲ್ಲಿ ಅರ್ಧ ಕಳೆದಿತ್ತು. ಆಗ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಕಡೆಗೆ ಮಾಡಿದೆವು: ಪುನಃ ಪಶುವೈದ್ಯರ ಬಳಿಗೆ ಹೋದೆವು. ಅವರು ಕರಿಯನ ಎಡಗಿವಿಯನ್ನು ಮಗುಚಿ ದೀಪ ಹಿಡಿದು ನೋಡಿ, ಒಳಗೆಲ್ಲ ಹುಣ್ಣಾಗಿರುವುದನ್ನು ತೋರಿಸಿದರು. ತಲೆ ಮುಟ್ಟಿದರೆ ಹಲ್ಲು ತೋರಿಸುತ್ತಿದ್ದುದರ ರಹಸ್ಯ ಅಲ್ಲಿತ್ತು! ಎರಡು ವಾರ ಔಷಧ ಹಾಕಿದ ಮೇಲೆ ಅವನು ತಾನಾಗಿಯೇ ಬಂದು ತಲೆಯೊಡ್ಡಿದನು. ನೋವಿರುವ ಪ್ರಾಣಿಗೆ ಶಾಲೆಯೂ ಬೇಡ, ಮನೆಪಾಠವೂ ಬೇಡ. ಮೊದಲು ಔಷಧ ಬೇಕು.

ಉಳಿದದ್ದು ತಟ್ಟೆಯ ಬಳಿಯ ಜಗಳ. ವೈದ್ಯರ ಸೂಚನೆಯಂತೆ ಪೊಲೀಸ್ ಇಲಾಖೆಯಲ್ಲಿ ನಾಯಿಗಳ ಜೊತೆ ಕೆಲಸಮಾಡಿ ನಿವೃತ್ತರಾದವರೊಬ್ಬರನ್ನು ಕಂಡೆವು. ಅವರು ಮನೆಗೆ ಬಂದವರು ನಾಯಿಯ ಕಡೆ ನೋಡಲೇ ಇಲ್ಲ. ನಮ್ಮೆಲ್ಲರನ್ನೂ ಪಡಸಾಲೆಯಲ್ಲಿ ಕುಳ್ಳಿರಿಸಿ, “ಮೇಷ್ಟ್ರೇ, ಇವನಿಗೆ ಕೂತುಕೋ ಎನ್ನಬೇಕಾದರೆ ಯಾರು ಯಾರು ಏನೇನು ಹೇಳುತ್ತೀರಿ?” ಎಂದು ಕೇಳಿದರು. ಮಗನು ‘ಸಿಟ್’ ಎನ್ನುತ್ತಾನೆ. ಸೊಸೆ ‘ಕೂತ್ಕೋ’ ಎನ್ನುತ್ತಾಳೆ. ನಾನು ‘ಕುಳಿತುಕೊ’ ಎನ್ನುತ್ತಿದ್ದೆನಂತೆ. ನಮ್ಮ ಮನೆಯವರು ಮುಳಬಾಗಿಲಿನ ತವರಿನ ತೆಲುಗಿನಲ್ಲಿ ‘ಕೂರ್ಚೋ’ ಎನ್ನುತ್ತಾರೆ. ಹಾಲು ತರುವವನು ‘ಬೈಠ್’ ಎನ್ನುತ್ತಾನೆ. ಕೋಲಾರ ಸೀಮೆಯಲ್ಲಿ ಹುಟ್ಟಿದ ಮನುಷ್ಯರಿಗೆ ಇದು ಸಹಜವಾದೀತು. ನಾಯಿ ಏನು ಮಾಡಬೇಕು? ಅವರು ನಕ್ಕು, “ಇಲಾಖೆಯಲ್ಲಿ ನಾಯಿಯೊಂದಕ್ಕೇ ತರಬೇತಿಯಲ್ಲ, ನಾಯಿಗೂ ಅದರ ಜವಾನನಿಗೂ ಜೋಡಿಯಾಗಿ ತರಬೇತಿ. ನೀವು ಐದು ಜನ. ಪಾಠ ನಿಮಗೆ ಬೇಕು” ಎಂದರು. ಅನ್ನ ಹಾಕುವವರ ಮಾತೇ ನಾಯಿಗೆ ಹೆಚ್ಚು ಪರಿಚಿತವಾದದ್ದರಿಂದ ತೆಲುಗಿನ ಪದವೇ ಗೆದ್ದಿತು. ಸಂಸ್ಕೃತದ ಮೇಷ್ಟರಾದ ನಾನೂ ಅದನ್ನೇ ಅಭ್ಯಾಸ ಮಾಡಿದೆ.

ತಟ್ಟೆಯ ವಿಷಯದಲ್ಲಿ ಅವರು ಹೇಳಿದ ಕ್ರಮ ಹೀಗಿತ್ತು. ಕರಿಯನು ಉಣ್ಣುವಾಗ ದೊಡ್ಡವರೊಬ್ಬರು ಅವನು ಗುರ್ರೆನ್ನದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ತುಣುಕೊಂದನ್ನು ಅದರತ್ತ ಎಸೆದು ಮುಂದೆ ನಡೆಯಬೇಕು. ನಿಲ್ಲಕೂಡದು, ತಟ್ಟೆಯನ್ನು ಕಸಿಯಕೂಡದು. ಮೈ ಬಿಗಿಯದೆ ಬಾಲವಾಡಿಸಲಾರಂಭಿಸಿದರೆ ಮರುದಿನ ಅರ್ಧ ಹೆಜ್ಜೆ ಹತ್ತಿರ. ಮಗುವಿಗೆ ಈ ಕೆಲಸವನ್ನು ಎಂದಿಗೂ ಒಪ್ಪಿಸತಕ್ಕದ್ದಲ್ಲ. ನಮ್ಮದು ಮಾಂಸವಿಲ್ಲದ ಮನೆಯಾದ್ದರಿಂದ ಪನೀರು, ಬೇಯಿಸಿದ ಕ್ಯಾರೆಟ್ಟು, ಚಪಾತಿಯ ಚೂರು ಇವುಗಳಿಂದಲೇ ಕೆಲಸ ನಡೆಯಿತು. ತುಣುಕು ಕಡಲೆಕಾಳಿಗಿಂತ ದೊಡ್ಡದಾಗಬಾರದು. ಪ್ರೀತಿಯಿಂದ ದ್ರಾಕ್ಷಿಯನ್ನೋ ಚಾಕೊಲೇಟನ್ನೋ ಈರುಳ್ಳಿ ಹಾಕಿದ ಪಲ್ಯವನ್ನೋ ಕೊಡುವವರುಂಟು. ಅವು ನಾಯಿಗೆ ವಿಷ.

ತಿಂಗಳುಗಟ್ಟಲೆ ನಾಯಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ಕಲಿಸಿಕೊಡುತ್ತೇವೆನ್ನುವವರೂ ಈಗ ಇದ್ದಾರೆ. ಬಿಡುವಿಲ್ಲದ ಸಂಸಾರಸ್ಥರಿಗೆ ಇದು ಹಿತವಾಗಿ ತೋರುವುದು ಸ್ವಾಭಾವಿಕ. ಆದರೆ ಒಂದು ಸ್ಥಳದಲ್ಲಿ ಕಲಿತದ್ದನ್ನು ಇನ್ನೊಂದು ಸ್ಥಳಕ್ಕೆ ಅನ್ವಯಿಸುವ ಶಕ್ತಿ ನಾಯಿಗೆ ಕಡಿಮೆ. ಅಂಗಳದಲ್ಲಿ ಕೂರುವುದನ್ನು ಬಲ್ಲ ನಾಯಿಗೆ ಸಂತೆಯಲ್ಲಿ ಅದು ಹೊಸ ಪಾಠ. ಅಂಧರಿಗೆ ದಾರಿ ತೋರುವ ನಾಯಿಗಳಿಗಾಗಿ 1929ರಲ್ಲಿ ಅಮೆರಿಕದ ನ್ಯಾಶ್ವಿಲ್ಲಿನಲ್ಲಿ ಆರಂಭವಾದ ‘ಸೀಯಿಂಗ್ ಐ’ ಶಾಲೆಯಲ್ಲಿ ಶಿಕ್ಷಕರು ನಾಯಿಯನ್ನು ಮೊದಲು ತಾವೇ ಪಳಗಿಸುತ್ತಾರೆ. ಅಷ್ಟಕ್ಕೇ ಅದನ್ನು ಕಳುಹಿಸಿಬಿಡುವುದಿಲ್ಲ. ಯಜಮಾನನಾಗತಕ್ಕವನು ಬಂದು ಇತರ ವಿದ್ಯಾರ್ಥಿಗಳೊಡನೆ ವಾರಗಟ್ಟಲೆ ಅಲ್ಲಿದ್ದು ತನ್ನ ನಾಯಿಯ ಜೊತೆ ಕಲಿಯಬೇಕು. ಯಜಮಾನನು ಕಲಿಯದೆ ಬರಿಯ ನಾಯಿಯನ್ನು ಕಲಿಸಿ ಕೊಡುತ್ತೇವೆಂಬ ಮಾತಿಗೆ ನಾನು ಈಗ ಹಣ ಕೊಡಲಾರೆ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳತಕ್ಕದ್ದು? ಎಳೆಯ ಮರಿಯಾದರೆ, ಅಥವಾ ಸ್ವಭಾವದಲ್ಲಿ ಧೈರ್ಯವಿದ್ದು ಬರಿಯ ತುಂಟತನವಿದ್ದರೆ, ಶಾಲೆಗೆ ಸೇರಿಸಿ. ಹಣವೂ ಉಳಿಯುವುದು, ಹತ್ತು ನಾಯಿಗಳ ನಡುವೆಯೂ ನಿಮ್ಮ ಮಾತು ಕೇಳುವ ಅಭ್ಯಾಸವೂ ಆಗುವುದು. ಒಬ್ಬ ಗುರುವಿಗೆ ಆರೆಂಟು ನಾಯಿಗಳಿಗಿಂತ ಹೆಚ್ಚಿದ್ದರೆ ನಾನು ಹಿಂದೆಗೆಯುವೆನು. ಲಸಿಕೆಯ ಪತ್ರವನ್ನು ಕೇಳದೆ ಸೇರಿಸಿಕೊಳ್ಳುವ ಶಾಲೆಯಿಂದಲಂತೂ ಗೇಟಿನಲ್ಲಿಯೇ ಹಿಂದಿರುಗುವೆನು. ಭಯ, ಕಚ್ಚುವಿಕೆ, ತಟ್ಟೆಯ ಜಗಳ ಇಂಥವಿದ್ದರೆ ದೋಷವು ಹುಟ್ಟಿದ ಮನೆಯಲ್ಲಿಯೇ ಪಾಠ ನಡೆಯಬೇಕು, ಮನೆಯವರೆಲ್ಲ ಎದುರಿಗಿರಬೇಕು. ಗುರುವನ್ನು ಗೊತ್ತುಮಾಡುವ ಮುನ್ನ, “ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ?” ಎಂದು ಕೇಳಿ ನೋಡಿ. ಉತ್ತರ ಬರುವ ಮೊದಲೇ ಅವರ ಕೈ ಬೆತ್ತದ ಕಡೆ ಹೋದರೆ ಒಂದು ಲೋಟ ಕಾಫಿ ಕೊಟ್ಟು ಬೀಳ್ಕೊಡಬಹುದು.

ಮೂರು ತಿಂಗಳು ತುಂಬಿದ ದಿನ ಸೊಸೆಯು ಕರಾರನ್ನು ನೆನಪಿಸಲಿಲ್ಲ, ನಾನೂ ಎತ್ತಲಿಲ್ಲ. ಉಣ್ಣುವ ಹೊತ್ತಿಗೆ ಕರಿಯನನ್ನು ಹಿತ್ತಿಲಿನಲ್ಲಿ ಬಿಟ್ಟು ಬಾಗಿಲೆಳೆಯುವ ಪದ್ಧತಿಯನ್ನು ಅವಳು ಇಂದಿಗೂ ಬಿಟ್ಟಿಲ್ಲ. ಬಿಡಬೇಕೆಂದು ನಾವು ಹೇಳುವುದೂ ಇಲ್ಲ.

ಕಳೆದ ತಿಂಗಳಿನಿಂದ ಭಾನುವಾರದ ತರಗತಿಗೆ ಪುನಃ ಹೋಗುತ್ತಿದ್ದೇವೆ, ಬೇರೊಂದು ಚಿಕ್ಕ ಶಾಲೆಗೆ. ಇತರ ನಾಯಿಗಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೊಂಗೆಯ ಮರದ ನೆರಳಿನಲ್ಲಿ ನಮಗೆ ಸ್ಥಳ. ಮೊನ್ನೆ ಗುರುವು ‘ಸಿಟ್’ ಎಂದು ಕೂಗಿದಾಗ ಆರು ನಾಯಿಗಳೂ ಕುಳಿತವು. ಕರಿಯನು ಮಾತ್ರ ನಿಂತೇ ಇದ್ದು ನಮ್ಮ ಮನೆಯವರ ಮುಖವನ್ನು ನೋಡಿದನು. ಮೊಮ್ಮಗಳು ಅಜ್ಜಿಯ ಸೆರಗಿನ ಹಿಂದಿನಿಂದ ತಲೆ ಹೊರಗೆ ಹಾಕಿ, “ಕೂರ್ಚೋ” ಎಂದಳು. ಕುಳಿತುಬಿಟ್ಟನು.