ಉಚಿತ ಮಾತ್ರೆಗೆ ಒಂದು ದಿನದ ಕೂಲಿ

ವಯಸ್ಸಾದವರ ಆರೋಗ್ಯದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಾಗಲೆಲ್ಲ ಅದು ಆಸ್ಪತ್ರೆಯ ಹಾಸಿಗೆಯ ಸುತ್ತಲೇ ಸುತ್ತುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ದಾಟಿದವರೆಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ಸಣ್ಣ ಮಾತಲ್ಲ. ಆದರೆ ಕಡತಗಳ ಅಡಿಟಿಪ್ಪಣಿ ಓದಿ ಪಳಗಿದ ಕಣ್ಣಿಗೆ ಇನ್ನೊಂದು ಅಂಶವೂ ಬೀಳುತ್ತದೆ. ಈ ರಕ್ಷಣೆ ದೊರೆಯುವುದು ರೋಗಿ ಆಸ್ಪತ್ರೆಗೆ ದಾಖಲಾದಾಗ. ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿಯೂ ಸೇರಿದೆ. ಹದಿನಾರನೆಯ ದಿನದ ಮಾತ್ರೆ ಯಾರದು?

ನಿವೃತ್ತಿಯ ನಂತರ ನಾನು ನೆಲೆಸಿರುವ ಕುಡತಿನಿ, ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿದೆ. ಪುರಾತತ್ವ ಬಲ್ಲವರಿಗೆ ಇದು ನವಶಿಲಾಯುಗದ ಬೂದಿದಿಬ್ಬದ ಊರು. ಉಳಿದವರಿಗೆ 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಊರು. ಅಂದು ದನಗಾಹಿಗಳು ಸುಟ್ಟ ಸಗಣಿಯ ಬೂದಿ, ಇಂದು ಕಲ್ಲಿದ್ದಲಿನ ಬೂದಿ. ಊರಿಗೂ ಬೂದಿಗೂ ಅದೇನೋ ಬಿಡದ ನಂಟು. ಸಂಜೆ ಕಟ್ಟೆಯ ಮೇಲೆ ಕೂಡುವ ನನ್ನ ಓರಗೆಯವರ ಮಾತು ಮಳೆ, ಮೆಣಸಿನಕಾಯಿ ಧಾರಣೆ ಮುಗಿಸಿ ತಪ್ಪದೆ ಬಂದು ನಿಲ್ಲುವುದು ರಕ್ತದೊತ್ತಡ, ಸಕ್ಕರೆ, ಮಂಡಿ ಮತ್ತು ಕಣ್ಣಿನ ಮೇಲೆ. ಇವರಲ್ಲಿ ಹೆಚ್ಚಿನವರಿಗೆ ಬೇಕಾದುದು ಆಸ್ಪತ್ರೆಯ ಹಾಸಿಗೆಯಲ್ಲ. ದಿನವೂ ಅದೇ ಎರಡು ಮೂರು ಮಾತ್ರೆ, ಜೀವವಿರುವವರೆಗೆ.

ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ತಿಂಗಳ 20ನೇ ತಾರೀಖು ಕಳೆದರೆ ರಕ್ತದೊತ್ತಡದ ಮಾತ್ರೆಯನ್ನು ಮುರಿದು ಅರ್ಧ ಮಾತ್ರ ನುಂಗುತ್ತಾರೆ. ‘ಯಾಕ ದೊಡ್ಡಮ್ಮಾ?’ ಎಂದು ಕೇಳಿದರೆ, ‘ಒಂದನೇ ತಾರೀಖಿನ ತನಕ ಬರಬೇಕಲ್ಲಪ್ಪಾ’ ಎನ್ನುತ್ತಾರೆ. ಈ ಮಾತ್ರೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಅವರಿಗೆ ಬಸ್ಸೂ ಉಚಿತ. ಆದರೆ ಮಂಡಿ ನೋವಿನ ಅವರಿಗೆ ಬಸ್ಸಿನ ಮೆಟ್ಟಿಲು ಒಬ್ಬರೇ ಹತ್ತಲಾಗದು. ಜೊತೆಗೆ ಮಗ ಬರಬೇಕು. ಮಗ ಬಂದರೆ ಅವನ ಅಂದಿನ ಕೂಲಿ ಹೋಯಿತು. ಚೀಟಿ, ಸಾಲು, ತಪಾಸಣೆ, ಮತ್ತೆ ಔಷಧಿಯ ಸಾಲು ಎಂದು ದಿನವೇ ಮುಗಿಯುತ್ತದೆ. 2025–26ರಲ್ಲಿ ಉದ್ಯೋಗ ಖಾತರಿಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೂ, ಮಗನ ಬಸ್ ಚಾರ್ಜು, ಊಟ ಸೇರಿ ‘ಉಚಿತ’ ಮಾತ್ರೆಯ ಬೆಲೆ ಊರ ಅಂಗಡಿಯ ಮಾತ್ರೆಗಿಂತ ಹೆಚ್ಚಾಗುತ್ತದೆ. ಹೀಗಾಗಿ ದೊಡ್ಡಮ್ಮ ಅಂಗಡಿಯಲ್ಲೇ ಕೊಳ್ಳುತ್ತಾರೆ, ಕೊಂಡದ್ದನ್ನು ಮುರಿಯುತ್ತಾರೆ. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಅವಕಾಶ ವೆಚ್ಚವೆಂದು ನಾವು ಓದಿದ್ದನ್ನು ಅವರು ಓದದೆಯೇ ಲೆಕ್ಕ ಹಾಕಿದ್ದಾರೆ. ಅರ್ಧ ಮಾತ್ರೆಯ ಉಳಿತಾಯ ಮುಂದೊಂದು ದಿನ ಪಾರ್ಶ್ವವಾಯುವಾಗಿ ಎರಗಬಹುದೆಂಬುದು ಮಾತ್ರ ಆ ಲೆಕ್ಕದಲ್ಲಿಲ್ಲ. ಹಾಗೆ ಎರಗಿದ ದಿನ ಸರ್ಕಾರ ಲಕ್ಷಗಟ್ಟಲೆ ಕೊಡಲು ಸಿದ್ಧವಿದೆ!

ಅವರ ಕೈಗೆ ಬರುವ ಹಣವಾದರೂ ಎಷ್ಟು? ರಾಜ್ಯದಲ್ಲಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಲಾಯಿತು. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80ಕ್ಕಿಂತ ಕೆಳಗಿನವರಿಗೆ ದೆಹಲಿ ಕೊಡುವ ಪಾಲು 2007ರಲ್ಲಿದ್ದ 200 ರೂಪಾಯಿಯಲ್ಲೇ ನಿಂತಿದೆ. ಅಂದಿನಿಂದ ಬೆಲೆಗಳು ಸುಮಾರು ಮೂರು ಪಟ್ಟಾಗಿವೆ. ಅಂದರೆ ಆ ಇನ್ನೂರರ ಕೊಳ್ಳುವ ಶಕ್ತಿ ಎಪ್ಪತ್ತು ರೂಪಾಯಿಯ ಆಸುಪಾಸಿಗೆ ಇಳಿದಿದೆ. ನನ್ನಂಥ ನಿವೃತ್ತ ನೌಕರರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತ ಹೋಗುತ್ತದೆ. ಹೊಲದಲ್ಲಿ ಬೆನ್ನು ಬಾಗಿಸಿದವರ ಪಿಂಚಣಿಗೆ ತುಟ್ಟಿಯ ಗೊಡವೆಯೇ ಇಲ್ಲ.

ಈ ಭಾಗದಲ್ಲಿ ಹಿಂದೆ ಹೊಲವೇ ಮುಪ್ಪಿನ ಪಿಂಚಣಿಯಾಗಿತ್ತು. ಪಹಣಿಯಲ್ಲಿ ಹೆಸರಿರುವ ತನಕ ಅಪ್ಪನ ಮಾತಿಗೆ ತೂಕ, ಅವ್ವನ ತಟ್ಟೆಗೆ ರೊಟ್ಟಿ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಕುಡತಿನಿ ಸುತ್ತಮುತ್ತ ಸಾವಿರಾರು ಎಕರೆ ಸ್ವಾಧೀನವಾಯಿತು. ಕಾರ್ಖಾನೆಗಳು ಏಳಲಿಲ್ಲ. ಬಂದ ಪರಿಹಾರ ಮದುವೆ, ಮನೆ, ವಾಹನಗಳಲ್ಲಿ ಕರಗಿದ ಮನೆಗಳು ಕಡಿಮೆಯಲ್ಲ. 2022ರ ಡಿಸೆಂಬರ್‌ನಲ್ಲಿ ಆರಂಭವಾದ ಭೂಸಂತ್ರಸ್ತರ ಧರಣಿಯನ್ನು ಬೆಲೆಯ ಜಗಳವೆಂದಷ್ಟೇ ಓದುವವರು ಈ ಇನ್ನೊಂದು ನಷ್ಟವನ್ನೂ ಗಮನಿಸಬೇಕು.

ಇನ್ನು ಮನೆಯೊಳಗಿನ ವಿಚಾರ. ಮುದುಕರು ಬೀಳುವುದು ಹೆಚ್ಚಾಗಿ ಬಚ್ಚಲಿನಲ್ಲಿ. ನಮ್ಮ ಕಡೆ ಬಚ್ಚಲಿಗೆ ಕಡಪ ಕಲ್ಲು ಹಾಸುವುದು ರೂಢಿ. ಸಾಬೂನು ನೀರು ಬಿದ್ದರೆ ಅದು ಗಾಜಿನಂತೆ ಜಾರುತ್ತದೆ. ಹೊಸ್ತಿಲೆತ್ತರದ ಒಂದು ಮೆಟ್ಟಿಲು, ಮಂಕು ದೀಪ, ಕುಕ್ಕರುಗಾಲಿನಲ್ಲಿ ಕೂರುವ ಪಾಯಿಖಾನೆ, ಎದ್ದೇಳಲು ಹಿಡಿದುಕೊಳ್ಳಲು ಏನೂ ಇಲ್ಲದ ಗೋಡೆ. ತೊಡೆಯ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಗೋಡೆಗೆ ಕೂಡಿಸುವ ಒಂದು ಉಕ್ಕಿನ ಹಿಡಿಕೆಗೆ ಸಾಧಾರಣ ಸೀರೆಯೊಂದರ ಬೆಲೆಗಿಂತ ಹೆಚ್ಚು ಬೀಳದು. ಗೃಹಪ್ರವೇಶಕ್ಕೆ ಲಕ್ಷ ಸುರಿಯುವ ಮನೆಗಳಲ್ಲೂ ನಾನು ಆ ಹಿಡಿಕೆಯನ್ನು ಕಂಡದ್ದು ಅಪರೂಪ. ತಂದೆ ತಾಯಿಗಾಗಿ ಹಾಕಿಸಿ ಎಂದರೆ, ‘ಈಗಲೇ ಯಾಕೆ ಸರ್, ಇನ್ನೂ ಗಟ್ಟಿಮುಟ್ಟಾಗಿದ್ದಾರೆ’ ಎಂಬ ಉತ್ತರ. ಅಪಶಕುನವೆಂಬ ಅಳುಕೂ ಇರಬಹುದು.

ಬೇಸಿಗೆಯದು ಬೇರೆಯದೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇನ್ಸುಲಿನ್ ಇಡಲು ಫ್ರಿಜ್ ಇಲ್ಲದ ಮನೆಯವರು ಒದ್ದೆ ಮರಳಿನಲ್ಲಿ ಮಡಕೆಯಿಟ್ಟು ಅದರೊಳಗೆ ಸೀಸೆ ಇಡುತ್ತಾರೆ. ನೀರು ಆರುವಾಗ ಮಡಕೆ ತಂಪಾಗುವುದರಿಂದ ಅದು ಒಳ್ಳೆಯ ಉಪಾಯವೇ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಕಾಲದಲ್ಲಿ ನಿರ್ಜಲೀಕರಣಕ್ಕೆ ಬೇಗ ತುತ್ತಾಗುತ್ತಾರೆ. ಮಾತ್ರೆಯ ಪ್ರಮಾಣದ ಬಗ್ಗೆ ಅವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಹಾಗೆ ಕೇಳಲು ಮತ್ತೆ ಬಳ್ಳಾರಿಗೇ ಹೋಗಬೇಕಲ್ಲ!

ಬ್ರಿಟನ್ನಿನಲ್ಲಿ ಮಕ್ಕಳಿರುವ ನನ್ನ ಸ್ನೇಹಿತರು ಅಲ್ಲಿಯ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕೆಂದು ಗೊಣಗುತ್ತಾರೆ, ಅದು ಸುಳ್ಳಲ್ಲ. ಆದರೆ ಇಂಗ್ಲೆಂಡಿನಲ್ಲಿ 60 ತುಂಬಿದವರಿಗೆ ವೈದ್ಯರು ಬರೆದ ಔಷಧಿಯೂ ಕಣ್ಣಿನ ಪರೀಕ್ಷೆಯೂ ಉಚಿತ. ಬಚ್ಚಲಿನ ಹಿಡಿಕೆಯಂಥ ಸಾವಿರ ಪೌಂಡಿನೊಳಗಿನ ಸಣ್ಣ ಮಾರ್ಪಾಡುಗಳನ್ನು ಅಗತ್ಯವಿದ್ದವರಿಗೆ ಸ್ಥಳೀಯ ಸಂಸ್ಥೆ ಶುಲ್ಕವಿಲ್ಲದೆ ಮಾಡಿಕೊಡಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುವ ನೆರವನ್ನು 2024ರಲ್ಲಿ ಅಲ್ಲಿಯ ಸರ್ಕಾರ ಮೊಟಕುಗೊಳಿಸಿದಾಗ ಎದ್ದ ಗದ್ದಲಕ್ಕೆ 2025ರಲ್ಲಿ ಹೆಜ್ಜೆ ಹಿಂದಿಡಬೇಕಾಯಿತು. ಅದು ಶ್ರೀಮಂತ ದೇಶದ ಮಾತು ಎನ್ನುವವರು ಪಕ್ಕದ ರಾಜ್ಯಗಳನ್ನು ನೋಡಲಿ. ತಮಿಳುನಾಡು 2021ರ ಆಗಸ್ಟ್‌ನಿಂದ ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಮನೆ ಬಾಗಿಲಿಗೇ ತಲುಪಿಸುತ್ತಿದೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ರೂಪಿಸಿ, ಹಾಸಿಗೆ ಹಿಡಿದವರ ಮನೆಗೆ ದಾದಿಯರನ್ನು ಕಳಿಸಲು ಪಂಚಾಯಿತಿಗಳನ್ನು ತೊಡಗಿಸಿತು.

ಕರ್ನಾಟಕವೂ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಯೋಜನೆ ಆರಂಭಿಸಿ, ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸುವುದಾಗಿ ಘೋಷಿಸಿತು. ಮನೆಮನೆಗೆ ಹೋಗಿ ತಪಾಸಣೆ ಮಾಡುವುದು ಸ್ವಾಗತಾರ್ಹ. ಆದರೆ ರೋಗವಿದೆಯೆಂದು ಹೇಳಿ ಬಂದರೆ ಕೆಲಸದ ಕಾಲು ಭಾಗ ಮಾತ್ರ ಮುಗಿದಂತೆ. ಉಳಿದ ಮುಕ್ಕಾಲು, ಮಾತ್ರೆ ತಪ್ಪದೆ ತಲುಪುವುದರಲ್ಲಿದೆ. 2011ರ ಜನಗಣತಿಯಲ್ಲೇ ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು; ಈ ಪಾಲು ಇನ್ನು ಏರುವುದೇ ಹೊರತು ಇಳಿಯದು.

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಫಲಕಗಳ ಅಗತ್ಯವಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ದೀರ್ಘಕಾಲದ ರೋಗಿಗಳಿಗೆ ಮೂರು ತಿಂಗಳವರೆಗಿನ ಔಷಧಿಯನ್ನು ಒಟ್ಟಿಗೆ ಕೊಡಲು, ಆಶಾ ಕಾರ್ಯಕರ್ತೆಯರ ಮೂಲಕ ತಲುಪಿಸಲು ಸೂಚಿಸಿತ್ತು. ಆ ಸೂಚನೆಯನ್ನು 60 ದಾಟಿದವರಿಗೆ ಕಾಯಂ ಮಾಡಿ ಒಂದು ಸುತ್ತೋಲೆ ಹೊರಟರೆ ಸಾಕು. ಬಳ್ಳಾರಿಯ ತಜ್ಞರು ಬರೆದ ಮಾತ್ರೆ ಊರ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು. ತಲುಪಿಸುವ ಆಶಾ ಕಾರ್ಯಕರ್ತೆಗೆ ಪ್ರತಿ ಮನೆಗೆ ಇಷ್ಟೆಂದು ಪ್ರತ್ಯೇಕ ಹಣ ಸಿಗಬೇಕು. ಆಗ ನಮ್ಮ ಓಣಿಯಿಂದ ಮಾತ್ರೆಗಾಗಿ ತಿಂಗಳಿಗೊಮ್ಮೆ ಕೂಲಿ ಬಿಟ್ಟು ಹೋಗಬೇಕಾದ ಮಗ ವರ್ಷಕ್ಕೆ ಒಂದೆರಡು ಸಲ, ತಪಾಸಣೆಗೆಂದು ಮಾತ್ರ, ತಾಯಿಯ ಕೈ ಹಿಡಿದು ಬಸ್ಸು ಹತ್ತಿಸಿಯಾನು.